ಅರವತ್ತೆಂಟು ಬೋಗಿ, ಫೆರಿಟಿನ್ ಒಂಬತ್ತು

ಕಿರುನಾ ಗಣಿಯಿಂದ ನಾರ್ವಿಕ್ ಬಂದರಿಗೆ
ಅದಿರಿನ ರೈಲು ಓಡಿಸುವವ ನಾನು.
ಅರವತ್ತೆಂಟು ಬೋಗಿ, ಒಂದೊಂದರಲ್ಲೂ ನೂರು ಟನ್ನು.
ಬೆನ್ನಿಗೆ ಕಬ್ಬಿಣ, ಕಣ್ಣಿಗೆ ಹಿಮ,
ನಡುವೆ ಥರ್ಮಾಸಿನಲ್ಲಿ ಆರಿದ ಕಾಫಿ.
ಮೊನ್ನೆ ನರ್ಸ್ ಮಾರಿತ್ ಕಾಗದ ತಿರುಗಿಸಿ ಬೆರಳಿಟ್ಟಳು:
ಫೆರಿಟಿನ್ ಒಂಬತ್ತು.
‘ಲಾಂಟೋ, ನಿನ್ನೊಳಗೆ ಕಬ್ಬಿಣವೇ ಇಲ್ಲ.’
ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಮೊದಲಿನಿಂದ ಹೇಳಬೇಕು.
ಒಂದನ್ನು ಇಪ್ಪತ್ತೊಂಬತ್ತರಲ್ಲಿ ತೆಗೆದರು, ಗಡ್ಡೆ.
ಇನ್ನೊಂದನ್ನು ಮೂವತ್ತಾರರಲ್ಲಿ, ಅದೇ ಗಡ್ಡೆಯ ತಮ್ಮ.
ಅಲ್ಲಿಂದಾಚೆ ನನ್ನ ಗಂಡಸುತನ
ಹನ್ನೆರಡು ವಾರಕ್ಕೊಮ್ಮೆ ಸೀಸೆಯಲ್ಲಿ ಬರುತ್ತದೆ,
ಹರಳೆಣ್ಣೆಯಲ್ಲಿ ಕರಗಿ.
ಸೊಂಟದ ಕೆಳಗೆ ಚುಚ್ಚಿ ಎರಡು ನಿಮಿಷ ಒತ್ತಬೇಕು;
ಆ ಎರಡು ನಿಮಿಷಕ್ಕೆಂದೇ ಮಾರಿತ್ ಬಳಿ
ತನ್ನ ನಾಯಿಗಳ ಕತೆ ಉಂಟು.

ಗಡ್ಡ ಉಳಿಯಿತು. ದನಿ ಉಳಿಯಿತು.
ಆನೆಲಿ ಮಂಚದ ಆ ಬದಿಯಲ್ಲಿ ಉಳಿದಳು.
ನೆತ್ತರು ಮಾತ್ರ ಗಂಜಿಯಾಗುತ್ತ ಬಂತು:
ಹೆಮಟೋಕ್ರಿಟ್ ಐವತ್ತು, ಐವತ್ತೆರಡು, ಐವತ್ತಾರು.
ಕನ್ನಡಿಯಲ್ಲಿ ಯಾವಾಗಲೂ
ಸೌನಾದಿಂದ ಈಗಷ್ಟೇ ಎದ್ದು ಬಂದವನ ಮುಖ.
ರಜೆಯ ದಿನವೂ ಕಿವಿಯೊಳಗೆ ಗಾಲಿಗಳ ಸದ್ದು.

ಒಂದು ಚೀಲ ತೆಗೆಯೋಣ ಅಂದರು.
ತೆಗೆದರು. ಮತ್ತೆ ಏರಿತು. ಮತ್ತೆ ತೆಗೆದರು.
ಐದನೆಯ ಚೀಲ ಕೈಯಲ್ಲಿ ಹಿಡಿದು ನೋಡಿದೆ,
ಆಗಷ್ಟೇ ಬೇಯಿಸಿದ ಆಲೂಗಡ್ಡೆಯ ಹಾಗೆ ಬೆಚ್ಚಗಿತ್ತು.
‘ಯಾರಿಗೆ ಹೋಗುತ್ತದೆ ಇದು?’
ಯಾರಿಗೂ ಇಲ್ಲ. ಹಳದಿ ಡಬ್ಬಿಗೆ. ಸುಡಲು.
ಆ ರಾತ್ರಿ ಊಟ ಸೇರಲಿಲ್ಲ.

ನಮ್ಮೂರಿನ ಸಂಗತಿ ನೀವು ಕೇಳಿರಬಹುದು.
ಅಡಿಯ ಕಬ್ಬಿಣ ಅಗೆದು ಅಗೆದು ನೆಲ ಕುಸಿಯತೊಡಗಿ
ಊರನ್ನೇ ಎತ್ತಿ ಅತ್ತ ಇಡುತ್ತಿದ್ದಾರೆ.
ನಾನು ಕಲಿತ ಶಾಲೆ, ಅಪ್ಪ ಕೂದಲು ಕತ್ತರಿಸಿಕೊಳ್ಳುತ್ತಿದ್ದ ಅಂಗಡಿ
ಬೇಲಿಯ ಆಚೆ ಹೋದವು.
ಬಿರುಕು ಮೊದಲು ಕಂಡದ್ದು ನೆಲಮಾಳಿಗೆಯಲ್ಲಂತೆ.
ನನಗೆ ಕಾಲಲ್ಲಿ: ದೀಪ ಆರಿಸಿದೊಡನೆ
ಮೀನಖಂಡ ಎದ್ದು ಎಲ್ಲಿಗೋ ಹೊರಡುತ್ತದೆ,
ನಾನು ಹಾಸಿಗೆಯಲ್ಲೇ ಇರುತ್ತೇನೆ.
ಆಮೇಲೆ ಐಸು ಅಗಿಯುವ ಚಟ.
‘ಹೊರಗೆ ಮೈನಸ್ ಇಪ್ಪತ್ತಾರು,
ನೀನು ಫ್ರಿಜ್ಜು ಖಾಲಿ ಮಾಡುತ್ತಿದ್ದೀಯ’ ಎಂದಳು ಆನೆಲಿ.

ಮಾತ್ರೆ ನುಂಗಿದರೆ ಕಬ್ಬಿಣ ಏರುತ್ತದೆ,
ಕಬ್ಬಿಣ ಏರಿದರೆ ನೆತ್ತರು ಮತ್ತೆ ಗಟ್ಟಿ.
ನುಂಗದಿದ್ದರೆ ಈ ಕಾಲು, ಈ ಐಸು,
ಮೆಟ್ಟಿಲ ನಡುವೆ ನಿಂತು ಏದುವ ಈ ನಾಚಿಕೆ.
ಅತ್ತ ಗಣಿ, ಇತ್ತ ತೋಳ.
ಅಮ್ಮ ಹಿಮಸಾರಂಗದ ನೆತ್ತರಲ್ಲಿ ಹಿಟ್ಟು ಕಲೆಸಿ
ಕಡುಬು ಬೇಯಿಸುತ್ತಿದ್ದಳು, ಮೇಲೆ ಬೆಣ್ಣೆ.
ಅದನ್ನಾದರೂ ತಿನ್ನಬಹುದೇ ಎಂದು ಕೇಳಲು
ನಲವತ್ತೇಳರ ಗಂಡಸಿಗೆ ಬಾಯಿ ಬರಲಿಲ್ಲ.

ಹೊಸ ಡಾಕ್ಟರು ತ್ಸೆಗಾಯ್ ಅಸ್ಮಾರಾದವರು.
ಕಾಗದ ಬದಿಗಿಟ್ಟು ಕೇಳಿದ್ದು ಒಂದೇ ಮಾತು:
‘ಗೊರಕೆ ಹೊಡೆಯುತ್ತೀಯಾ?’
ನಾನು ಇಲ್ಲ ಅನ್ನುವಷ್ಟರಲ್ಲಿ ಆನೆಲಿ
ಗೊರಕೆ ಹೊಡೆದೇ ತೋರಿಸಿದಳು, ನಡುನಡುವೆ
ಉಸಿರು ನಿಲ್ಲುವ ಜಾಗ ಸಮೇತ.
ಆ ನಿಲುಗಡೆಯಲ್ಲಿ ಕೋಣೆ ಎಷ್ಟು ಉದ್ದವಾಯಿತು!
ಒಂಬತ್ತು ವರ್ಷ ಅವಳು ಅದನ್ನು ಎಣಿಸುತ್ತ ಎಚ್ಚರವಿದ್ದಳಂತೆ.

‘ನೆಲ ಒರೆಸಿದ್ದು ಸಾಕು’ ಎಂದರು ಡಾಕ್ಟರು,
‘ಇನ್ನು ನಲ್ಲಿ ತಿರುಗಿಸೋಣ.’
ಚುಚ್ಚುವುದು ನಿಂತಿತು. ಬೆಳಿಗ್ಗೆ ಭುಜಕ್ಕೆ ಒಂದಿಷ್ಟು ಜೆಲ್,
ದಿನ ಬಿಟ್ಟು ದಿನ ಒಂದು ಸಣ್ಣ ಕಬ್ಬಿಣದ ಮಾತ್ರೆ,
ರಾತ್ರಿ ಮೂಗಿಗೆ ಮಾಸ್ಕು.

ಜನ ತಿಳಿದಿರುವುದು ನಾನು ಅದಿರು ಎಳೆಯುತ್ತೇನೆಂದು.
ಗಡಿ ದಾಟಿದ ಮೇಲೆ ದಾರಿಯೆಲ್ಲ ಇಳಿಜಾರು;
ಎಳೆಯುವುದೇನಿಲ್ಲ, ತಡೆಯುವುದೇ ಕೆಲಸ.
ಹೆಚ್ಚು ಹಿಡಿದರೆ ಗಾಲಿ ಸುಡುತ್ತದೆ,
ಕಡಿಮೆಯಾದರೆ, ಕೆಳಗೆ ಕಡಲು.

ಬುಧವಾರ ಪರೀಕ್ಷೆ.
ಸೂಜಿಗೆ ಮುಂಚೆ ಎರಡು ಲೋಟ ನೀರು ಕುಡಿ ಎಂದಿದ್ದಾಳೆ ಮಾರಿತ್.
ನಾಲ್ಕು ಕುಡಿದರೆ ಮೋಸವಾಗುತ್ತದೆಯೇ ಎಂದೆ.
ಆನೆಲಿ ಉತ್ತರಿಸಲಿಲ್ಲ,
ಮಾಸ್ಕಿನ ಪಟ್ಟಿ ಒಂದು ತೂತು ಬಿಗಿ ಮಾಡಿ
ಆ ಕಡೆ ತಿರುಗಿ
ನನಗಿಂತ ಮೊದಲು ನಿದ್ದೆ ಹೋದಳು.